ಗೋಡೆಗೆ ಬಂದ ನಾಗಲಕ್ಷ್ಮಮ್ಮ

ಹೊಳೆಯುವ ಸಾಮಾನನ್ನು ಕಂಡರೆ ನನಗಾಗದು. ಸ್ಟೀಲು ಲೋಟದಲ್ಲಿ ಕಾಫಿ ಕೊಟ್ಟರೆ ಕುಡಿಯುತ್ತೇನೆ, ಆದರೆ ಅದರ ಹೊಟ್ಟೆಯ ಮೇಲೆ ಏನು ಕಾಣುತ್ತಿದೆ ಎಂದು ನೋಡುವುದಿಲ್ಲ. ನಮ್ಮ ಮನೆಯಾಕೆ ಇದಕ್ಕೆ ಹುಚ್ಚು ಎನ್ನುತ್ತಾಳೆ. ಅನ್ನಲಿ, ಅವಳಿಗೇನು. ಎಂಬತ್ತೊಂದನೇ ಇಸವಿಯ ಫೆಬ್ರವರಿಯಲ್ಲಿ ಚಿಕ್ಕಲಸಂದ್ರದ ಹಾದಿಯ ಆ ಹೊಸ ಮನೆಯ ಹಜಾರದಲ್ಲಿ ಅವಳಿರಲಿಲ್ಲ, ನಾನಿದ್ದೆ. ನನ್ನನ್ನು ಅಲ್ಲಿಗೆ ಎಳೆದುಕೊಂಡು ಹೋದವನು ಅನಂತರಾಮು.

ಅನಂತರಾಮು ಜಯನಗರದಲ್ಲಿ ನಮ್ಮ ಪಕ್ಕದ ಮನೆಯವನು. ನಡುವೆ ಒಂದೇ ಗೋಡೆ, ಅದೂ ತೆಳ್ಳಗಿನದು. ಅವನು ಸೀನಿದರೆ ನಾನು ಮೂಗು ಒರೆಸಿಕೊಳ್ಳಬೇಕು. ಸ್ಕೂಟರಿನ ಹೆಡ್‌ಲೈಟಿನೊಳಗೆ ಬಲ್ಬಿನ ಹಿಂದೆ ಹೊಳೆಯುವ ಬಟ್ಟಲು ಇರುತ್ತದಲ್ಲ, ಆ ರಿಫ್ಲೆಕ್ಟರುಗಳನ್ನು ಮಾಡುವ ಸಣ್ಣ ಫ್ಯಾಕ್ಟರಿಯಲ್ಲಿ ಅವನು ಪಾಲಿಶ್ ಸೆಕ್ಷನ್ನಿನ ಸೂಪರ್‌ವೈಸರು. ಗಿರ್ರೆಂದು ತಿರುಗುವ ಬಟ್ಟೆಯ ಚಕ್ರಕ್ಕೆ ಲೋಹವನ್ನು ಒತ್ತಿ ಹಿಡಿಸಿ, ಅದರಲ್ಲಿ ಮುಖ ಕಾಣುವವರೆಗೆ ಉಜ್ಜಿಸುವುದು ಅವನ ಕೆಲಸ. ಇಂಥ ಕೆಲಸ ಮಾಡುವವನು ಮನೆಗೆ ಬಂದ ಮೇಲೆ ಸುಮ್ಮನಿರಬೇಕೋ ಬೇಡವೋ? ಇವನು ಸುಮ್ಮನಿರುತ್ತಿರಲಿಲ್ಲ. ಬಾಗಿಲಿನ ಚಿಲಕ ಉಜ್ಜಿದ, ನಲ್ಲಿ ಉಜ್ಜಿದ, ಒಂದು ಭಾನುವಾರ ನಮ್ಮನೆ ಇಡ್ಲಿ ಪಾತ್ರೆ ಕೇಳಿಕೊಂಡು ಬಂದ. ಬಂಧುಬಳಗದವರೆಲ್ಲ ತಟ್ಟೆ, ತಂಬಿಗೆ, ಹರಿವಾಣಗಳನ್ನು ಅವನಿಗೆ ಕೊಟ್ಟು, "ಅನಂತು, ಇದಕ್ಕೊಂದು ಪಾಲಿಶ್ ಮಾಡ್ಕೊಡಪ್ಪ" ಎನ್ನುತ್ತಿದ್ದರು. ಯಾಕೆ ಎಂದು ಇವನು ಕೇಳುತ್ತಿರಲಿಲ್ಲ.

"ರಾಯರೇ, ನನ್ನ ಸೆಕ್ಷನ್ನಿಗೆ ಬಂದು ಹೋದ ಸಾಮಾನಿಗೆ ಪೂರ್ವಜನ್ಮ ಅನ್ನೋದು ಇರಲ್ಲ," ಎಂದು ಕಾಂಪೌಂಡಿಗೆ ಮೊಣಕೈ ಊರಿಕೊಂಡು ನನಗೆ ಹೇಳುತ್ತಿದ್ದ.

ಅವನಿಗೊಬ್ಬಳು ತಂಗಿ, ಸರಸ್ವತಿ. ತಾಯಿಯಿಲ್ಲದ ಆ ಹುಡುಗಿಯನ್ನು ಸಾಕಿದವರು ಸೋದರತ್ತೆ ನಾಗಲಕ್ಷ್ಮಮ್ಮ. ತುಮಕೂರಿನವರು, ಗಟ್ಟಿ ಹೆಂಗಸು, ಹಿಂದಿನ ವರ್ಷ ತೀರಿಕೊಂಡಿದ್ದರು. ಸರಸ್ವತಿ ಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದಳು. ಗಂಡಿನ ಕಡೆಯವರು ಬರುವುದು, ಉಪ್ಪಿಟ್ಟು ಕೇಸರಿಭಾತು ತಿನ್ನುವುದು, ಊರಿಗೆ ಹೋಗಿ ತಿಳಿಸ್ತೀವಿ ಎಂದು ಹೋದವರು ತಿಳಿಸದೇ ಇರುವುದು, ಇದು ಅವಳಿಗೆ ಅಭ್ಯಾಸವಾಗಿಬಿಟ್ಟಿತ್ತು. ಕೊನೆಗೆ ಸೀನು ಎಂಬ ಬ್ಯಾಂಕಿನ ಹುಡುಗ ಒಪ್ಪಿದ. ಇವಳೂ ಒಪ್ಪಿದಳು. ಬಸ್ ಸ್ಟಾಪಿನಲ್ಲಿ ಇಬ್ಬರೂ ಮಾತಾಡಿಕೊಂಡು ನಿಂತಿದ್ದನ್ನು, ಬಂದ ಬಸ್ಸನ್ನು ಬೇಕೆಂದೇ ಬಿಟ್ಟದ್ದನ್ನು ನಾನೇ ನೋಡಿದ್ದೆ. ಯಾರಿಗೂ ಹೇಳಲಿಲ್ಲ. ನಿಶ್ಚಯ ತಾಂಬೂಲವೂ ಆಯಿತು.

ಸೀನುವಿನ ತಂದೆ ರಿಟೈರಾದ ಹೆಡ್‌ಮಾಸ್ಟರು. ಬನಶಂಕರಿ ದಾಟಿ, ಚಿಕ್ಕಲಸಂದ್ರಕ್ಕೆ ಹೋಗುವ ಹಾದಿಯಲ್ಲಿ, ರಾಗಿ ಹೊಲದ ನಟ್ಟನಡುವೆ ಮನೆ ಕಟ್ಟಿಸಿದ್ದರು. ಸುತ್ತ ಇದ್ದದ್ದು ಸೈಟಿನ ಕಲ್ಲುಗಳು, ಅರ್ಧಕ್ಕೆ ನಿಂತ ಎರಡು ಗೋಡೆ, ಮತ್ತೆ ಗಾಳಿ. ಗೃಹಪ್ರವೇಶಕ್ಕೆ ಬೀಗರಾಗುವವರು ಕೈಬೀಸಿಕೊಂಡು ಹೋಗಲಾಗುತ್ತದೆಯೇ? ಅನಂತರಾಮು ಅಂಗಡಿಗೆ ಹೋಗಿ ಒಂದು ತಟ್ಟೆ ಕೊಂಡಿದ್ದರೆ ಈ ಕಥೆಯೇ ಇಲ್ಲ. ಆದರೆ ಅಂಗಡಿಯ ಹೊಳಪು ಅವನ ಕಣ್ಣಿಗೆ ಹಿಡಿಸಲಿಲ್ಲ.

"ಅಂಗಡಿ ಸ್ಟೀಲು ಮಬ್ಬು, ರಾಯರೇ. ಬೀಗರ ಮನೇಲಿ ನಮ್ಮ ಮರ್ಯಾದೆ ಹೊಳೀಬೇಕು," ಎಂದು ಅಟ್ಟದಿಂದ ದೊಡ್ಡದೊಂದು ತಟ್ಟೆ ಇಳಿಸಿದ.

ಅದು ನಾಗಲಕ್ಷ್ಮಮ್ಮನವರ ವೈಕುಂಠ ಸಮಾರಾಧನೆಯಲ್ಲಿ ಹಂಚಿದ ತಟ್ಟೆ. ಹದಿಮೂರನೇ ದಿನ ಊಟ ಮಾಡಿಸಿ, ಸತ್ತವರ ಹೆಸರು ಕೆತ್ತಿಸಿದ ಪಾತ್ರೆ ಕೈಗೆ ಕೊಟ್ಟು ಕಳಿಸುವುದು ನಮ್ಮಲ್ಲಿ ಉಂಟಷ್ಟೆ. ಅತ್ತೆಯ ಮಗ ಡೌಲಿನ ಮನುಷ್ಯ. ಅಂಚಿನಲ್ಲಿ ಸಣ್ಣಗೆ ಕೆತ್ತಿಸುವ ಬದಲು ತಟ್ಟೆಯ ಬೆನ್ನಿನ ತುಂಬ ದಪ್ಪಕ್ಷರದಲ್ಲಿ ಹೆಸರು ಹೊಡೆಸಿದ್ದ. ಅನಂತರಾಮು ಅದನ್ನು ಫ್ಯಾಕ್ಟರಿಗೆ ಒಯ್ದು ಹಿಂದೆ ಮುಂದೆ ಎರಡೂ ಕಡೆ ಉಜ್ಜಿಸಿದ. ಹೆಸರು ಹೋಯಿತು. ನಾನೇ ಬೆರಳಾಡಿಸಿ ನೋಡಿದೆ, ಏನೂ ಸಿಗಲಿಲ್ಲ.

"ಲೋ, ಸತ್ತೋರ ತಟ್ಟೇನ ಗೃಹಪ್ರವೇಶಕ್ಕೆ ಕೊಡ್ತಾರೇನೋ?" ಎಂದೆ.

"ಯಾವ ಸತ್ತೋರು? ಹೆಸರೆಲ್ಲಿದೆ ತೋರಿಸಿ," ಎಂದ.

ತೋರಿಸಲು ನನ್ನಿಂದಾಗಲಿಲ್ಲ. ಗೃಹಪ್ರವೇಶದಲ್ಲಿ ಆ ತಟ್ಟೆಗೆ ಆದ ಸನ್ಮಾನ ಮನೆ ಯಜಮಾನರಿಗೂ ಆಗಲಿಲ್ಲ. ಹೆಂಗಸರು ಅದನ್ನು ಹಿಡಿದು ಕುಂಕುಮ ತಿದ್ದಿಕೊಂಡರು. ಸೀನುವಿನ ತಾಯಿ ಸೀತಾಲಕ್ಷ್ಮಮ್ಮ ಅದನ್ನು ಹಜಾರದ ಶೆಲ್ಫಿನ ಮೇಲೆ, ಕಿಟಕಿಯ ಎದುರಿಗೆ, ಗೋಡೆಗೆ ಒರಗಿಸಿ ನಿಲ್ಲಿಸಿದರು. ಅನಂತರಾಮು ಊಟಕ್ಕೆ ಕೂತಲ್ಲಿಂದಲೇ ಅದನ್ನು ನೋಡಿ ನೋಡಿ ಎರಡನೇ ಸಲ ಹೋಳಿಗೆ ಹಾಕಿಸಿಕೊಂಡ.

ವಾರ ಕಳೆದಿರಬಹುದು. ಒಂದು ಬೆಳಗ್ಗೆ ಸೀನು ಸೈಕಲ್ಲಿನಲ್ಲಿ ಬಂದ. ಮುಖ ಬಿಳುಚಿಕೊಂಡಿತ್ತು. ಗೋಡೆ ತೆಳ್ಳಗಿದ್ದರೂ ಪೂರ್ತಿ ಕೇಳಿಸುತ್ತಿಲ್ಲವಲ್ಲ ಎಂದು ನಾನೇ ಎದ್ದು ಹೋದೆ.

"ಅಪ್ಪ ಹೇಳಿ ಕಳಿಸಿದ್ದಾರೆ ಸಾರ್. ಸದ್ಯಕ್ಕೆ ಮದುವೆ ಮಾತು ಬೇಡ ಅಂತ."

"ಯಾಕಪ್ಪ? ನಮ್ಮ ಕಡೆಯಿಂದ ಏನಾದ್ರೂ..."

"ನಿಮ್ಮದೇನಿಲ್ಲ ಸಾರ್. ಮನೇಲಿ... ಮನೇಲಿ ಒಬ್ಬರು ಬಂದಿದ್ದಾರೆ."

"ನೆಂಟರಾ?"

"ಗೊತ್ತಿಲ್ಲ ಸಾರ್. ಸಾಯಂಕಾಲದ ಹೊತ್ತು ಗೋಡೆ ಮೇಲೆ ಬರ್ತಾರೆ. ಬರೀ ಹೆಸರು. ಮೈ ಇಲ್ಲ."

ಅಡುಗೆಮನೆ ಬಾಗಿಲಲ್ಲಿ ಸರಸ್ವತಿ ನಿಂತಿದ್ದಳು. ಸೀನು ಅವಳ ಮುಖ ನೋಡಲಾರದೆ ಸೈಕಲ್ಲಿನ ಬೆಲ್ಲನ್ನೇ ನೋಡುತ್ತಾ ಹೊರಟುಹೋದ. ಅವನು ತಿರುವು ದಾಟಿದ ಮೇಲೆ ಅವಳು ಹೇಳಿದ ಮಾತು ನನಗೆ ಇವತ್ತಿಗೂ ಕಿವಿಯಲ್ಲಿದೆ.

"ಅಣ್ಣ, ಈ ಸಂಬಂಧ ತಪ್ಪಿದ್ರೆ ನಾನು ಇನ್ನೊಬ್ಬರ ಮುಂದೆ ಉಪ್ಪಿಟ್ಟಿನ ತಟ್ಟೆ ಹಿಡ್ಕೊಂಡು ಬರಲ್ಲ. ಈಗಲೇ ಹೇಳಿದೀನಿ. ನಂಗೆ ಸೀನು ಬೇಕು."

ಅಣ್ಣನ ಎದುರಿಗೆ ಹೀಗೆ ಬಾಯಿಬಿಟ್ಟು ಹೇಳುವ ಹುಡುಗಿಯಲ್ಲ ಅವಳು. ಅನಂತರಾಮು ಬೆಪ್ಪಾಗಿ ನನ್ನ ಕಡೆ ತಿರುಗಿದ. ಅಂದರೆ ನಾನು ಜೊತೆಗೆ ಹೋಗಬೇಕು ಎಂದರ್ಥ.

ಅವತ್ತೇ ಮಧ್ಯಾಹ್ನ ಹೋದೆವು. ಬಸ್ಸಿಳಿದು ರಾಗಿ ಕೂಳೆಯ ನಡುವೆ ನಡೆಯುವಾಗ ಸುತ್ತ ನರಪಿಳ್ಳೆ ಇರಲಿಲ್ಲ. ದೂರದಲ್ಲೆಲ್ಲೋ ಪಂಪ್‌ಸೆಟ್ಟು ಕುಟುಕುಟು ಅನ್ನುತ್ತಿತ್ತು, ಅದೂ ನಾವು ಹತ್ತಿರವಾದ ಹಾಗೆ ನಿಂತಿತು. ಗೇಟಿನ ಹತ್ತಿರ ಪಿಳ್ಳಣ್ಣ ಕುಕ್ಕರುಗಾಲಿನಲ್ಲಿ ಕೂತಿದ್ದ. ಆ ಹೊಲವನ್ನು ಹೆಡ್‌ಮಾಸ್ಟರಿಗೆ ಮಾರಿದವನು ಅವನೇ. ಹೆಡ್‌ಮಾಸ್ಟರು ಅವನ ಎದುರು ನಿಂತು ವಿಚಾರಣೆ ನಡೆಸುತ್ತಿದ್ದರು.

"ನಿಜ ಹೇಳು ಪಿಳ್ಳಣ್ಣ. ಈ ಜಾಗದಲ್ಲಿ ಯಾರಾದ್ರೂ ಹೆಂಗಸು ಸತ್ತಿದ್ಲಾ?"

"ಸತ್ತಿರ್ತಾರೆ ಮೇಷ್ಟ್ರೇ, ಸಾಯ್ದೆ ಏನ್ಮಾಡ್ತಾರೆ. ನಮ್ಮಜ್ಜಿ ಸಪ್ಪಲಮ್ಮ ಇಲ್ಲೇ ಕಳೆ ಕೀಳ್ತಾ ಕೀಳ್ತಾ ಹೋಗ್ಬಿಟ್ಲು. ಆದ್ರೆ ಇದು ಅವ್ಳಲ್ಲ ಬುಡಿ."

"ಹೇಗೆ ಹೇಳ್ತೀಯ?"

"ಗೋಡೆ ಮ್ಯಾಲೆ ಹೆಸ್ರು ಬರೀತಾಳೆ ಅಂತೀರ. ನಮ್ ದೆವ್ವಗೋಳು ಕಲ್ಲು ಒಗೀತವೆ, ಮರ ಅಲ್ಲಾಡಿಸ್ತವೆ. ಓದು ಬರಾ ದೆವ್ವ ನಮ್ ಪೈಕಿ ಇಲ್ಲ. ಅದು ನಿಮ್ಮೋರೇ ಯಾರೋ, ಇಸ್ಕೂಲ್ಗೆ ಹೋಗಿದ್ದೋರು."

ಹೆಡ್‌ಮಾಸ್ಟರಿಗೆ ಈ ಮಾತು ಸರಿಯಾದ ಜಾಗಕ್ಕೇ ಚುಚ್ಚಿತು. ನಮ್ಮನ್ನು ಒಳಗೆ ಕರೆದುಕೊಂಡು ಹೋಗುತ್ತಾ ತಗ್ಗಿದ ದನಿಯಲ್ಲಿ ಹೇಳಿದರು: "ಅನಂತರಾಮು ಅವರೇ, ನನ್ನ ಸರ್ವೀಸಿನಲ್ಲಿ ಎಷ್ಟೋ ಹೆಣ್ಣುಮಕ್ಕಳನ್ನ ಗಣಿತದಲ್ಲಿ ಫೇಲ್ ಮಾಡಿದೀನಿ. ಒಂದು ಮಾರ್ಕು ಹಾಕಿ ಅಂದ್ರೂ ಹಾಕ್ಲಿಲ್ಲ. ಅಕ್ಷರ ದುಂಡಗಿದೆ. ನಮ್ಮ ಸ್ಕೂಲಿನ ಅಕ್ಷರವೇ ಇರಬೇಕು."

ಹಜಾರಕ್ಕೆ ಬಂದೆವು. ಹೊಸ ಸುಣ್ಣದ ವಾಸನೆ. ಬಿಸಿಲು ಇಳಿಯುತ್ತಾ ಪಶ್ಚಿಮದ ಕಿಟಕಿಯಿಂದ ಒಳಕ್ಕೆ ತೆವಳುತ್ತಿತ್ತು. ಸೀತಾಲಕ್ಷ್ಮಮ್ಮ ಮೂಲೆಯಲ್ಲಿ ಸೆರಗು ಬಿಗಿಯಾಗಿ ಹೊದ್ದು ಕೂತು, "ಈಗ ಬರ್ತಾಳೆ. ಆ ಕಿಟಕಿ ಪಕ್ಕ ನೋಡ್ತಾ ಇರಿ," ಎಂದರು. ನೋಡಿದೆವು. ಬರೀ ಬಿಳಿ ಗೋಡೆ. ಆಮೇಲೆ ಗೋಡೆಯ ಒಂದು ಕಡೆ ತೆಳುವಾಗಿ ಬೆಳಕು ಕೂತಿತು. ಬೆಳಕಿನೊಳಗೆ ಇನ್ನೊಂದು ಬೆಳಕು ಮೂಡಿತು. ಒದ್ದೆ ಸ್ಲೇಟು ಒಣಗಿದಾಗ ಬಳಪದ ಗೆರೆ ಮೇಲಕ್ಕೆ ಬರುತ್ತದಲ್ಲ, ಹಾಗೆ ಒಂದೊಂದೇ ಅಕ್ಷರ ಬಂತು. ನಾ. ಗ. ಲ. ನನ್ನ ಬೆನ್ನುಹುರಿಯಲ್ಲಿ ಇರುವೆ ಹರಿಯಿತು. ಪೂರ್ತಿ ಹೆಸರು ಬಂದು ನಿಂತು, ಉಸಿರಾಡುತ್ತಿರುವ ಹಾಗೆ ಮೆಲ್ಲಗೆ ನಡುಗುತ್ತಿತ್ತು. ನಾನು ಒಂದು ಹೆಜ್ಜೆ ಹತ್ತಿರ ಇಟ್ಟೆ. ನಡುಕ ಜಾಸ್ತಿಯಾಯಿತು. ಹಿಂದಕ್ಕೆ ಸರಿದೆ. ಸುಮ್ಮನಾಯಿತು.

"ಹತ್ತಿರ ಹೋದ್ರೆ ಅವಳಿಗೆ ಆಗಲ್ಲ," ಎಂದರು ಸೀತಾಲಕ್ಷ್ಮಮ್ಮ.

ಅನಂತರಾಮುವಿನ ಕೈ ನನ್ನ ತೋಳನ್ನು ಹಿಡಿದಿತ್ತು. "ಅತ್ತೆ," ಎಂದ, ನನಗೊಬ್ಬನಿಗೇ ಕೇಳುವ ಹಾಗೆ. "ರಾಯರೇ, ನಮ್ಮತ್ತೆ ಬಂದುಬಿಟ್ಟಿದ್ದಾರೆ."

ಪುಣ್ಯಕ್ಕೆ ಬೀಗರು ಅವನ ಕಡೆ ನೋಡುತ್ತಿರಲಿಲ್ಲ. ಅತ್ತೆಯ ಹೆಸರೂ ಅವರಿಗೆ ತಿಳಿಯದು. ಮಾತಿಗೆ ಬಂದಾಗಲೆಲ್ಲ "ತುಮಕೂರು ಅತ್ತೆ" ಎಂದೇ ಬಂದಿತ್ತು. ಅಷ್ಟರಲ್ಲಿ ಹೆಡ್‌ಮಾಸ್ಟರು, "ಸೀನು, ಆರತಿ," ಎಂದರು. ಸೀನು ಎದ್ದು ಶೆಲ್ಫಿನ ಮೇಲಿದ್ದ ಅದೇ ತಟ್ಟೆಯನ್ನು ತೆಗೆದು, ಅದರಲ್ಲಿ ಕರ್ಪೂರ ಹಚ್ಚಿದ. ಹೆಸರು ತಟ್ಟನೆ ಮಾಯ.

"ನೋಡಿದ್ರಾ?" ಎಂದರು ಹೆಡ್‌ಮಾಸ್ಟರು, ಪ್ರಯೋಗ ಫಲಿಸಿದ ಮೇಷ್ಟರ ಗತ್ತಿನಲ್ಲಿ. "ಆರತಿ ಎತ್ತಿದ ತಕ್ಷಣ ಶಾಂತಳಾಗ್ತಾಳೆ. ಮುಗಿಸಿ ತಟ್ಟೆ ಶೆಲ್ಫಿಗೆ ಇಟ್ವಿ ಅನ್ನಿ, ಮತ್ತೆ ಪ್ರತ್ಯಕ್ಷ. ಅಂದ್ರೆ ಅವಳಿಗೆ ನಿರಂತರ ಆರತಿ ಬೇಕು ಅಂತ ಸಿದ್ಧವಾಯ್ತಲ್ಲ."

ಇದಕ್ಕಾಗಿ ಸೀನು ದಿನಾ ಅರ್ಧ ರಜ ಹಾಕಿ ಬಂದು, ಹೊತ್ತಿಳಿಯುವವರೆಗೂ ತಟ್ಟೆ ಹಿಡಿದು ಗೋಡೆಯ ಮುಂದೆ ನಿಲ್ಲುತ್ತಿದ್ದನಂತೆ. ಅಂಗೈಯಲ್ಲಿ ಬೊಬ್ಬೆ ಬಂದಿತ್ತು. "ಬ್ಯಾಂಕಿನಲ್ಲಿ ಏನಂತ ಹೇಳಿದ್ದೀಯಪ್ಪ?" ಎಂದು ಕೇಳಿದೆ. "ಮನೇಲಿ ವಯಸ್ಸಾದೋರು ಒಬ್ರಿದ್ದಾರೆ ಅಂದಿದ್ದೀನಿ ಅಂಕಲ್," ಎಂದ. ಸುಳ್ಳೇನಲ್ಲ.

ಸೀತಾಲಕ್ಷ್ಮಮ್ಮ ಕಣ್ಣೊರೆಸಿಕೊಂಡು ಹೇಳಿಬಿಟ್ಟರು: "ಸರಸ್ವತಿ ಒಳ್ಳೇ ಹುಡುಗಿ. ಆದ್ರೆ ಇಂಥ ಮನೆಗೆ ಸೊಸೇನ ಹೇಗೆ ತರೋಣ? ಭಾನುವಾರ ಶಾಂತಿ ಇಟ್ಕೊಂಡಿದೀವಿ. ಗೃಹಪ್ರವೇಶಕ್ಕೆ ಬಂದೋರೆಲ್ಲ ಬರ್ತಾರೆ. ಅವತ್ತೂ ಇವಳು ಹೋಗಲಿಲ್ಲ ಅಂದ್ರೆ ಸಂಬಂಧ ಬಿಟ್ಟುಬಿಡೋಣ."

ವಾಪಸು ಬರುವ ದಾರಿಯುದ್ದಕ್ಕೂ ಅನಂತರಾಮು ಅತ್ತೆಯ ಕ್ಷಮೆ ಕೇಳಿಕೊಂಡೇ ನಡೆದ. ಮಾರನೆಯ ದಿನ ಫ್ಯಾಕ್ಟರಿಯಿಂದ ಬಂದವನು ಬೂಟು ಬಿಚ್ಚದೆ ನಮ್ಮ ಮನೆಗೆ ನುಗ್ಗಿದ.

"ರಾಯರೇ, ಅತ್ತೆ ಅಲ್ಲ! ತಟ್ಟೆ!"

ಅವರ ಫ್ಯಾಕ್ಟರಿಯಲ್ಲಿ ರಿಫ್ಲೆಕ್ಟರನ್ನು ಕಣ್ಣಿನಿಂದ ಪರೀಕ್ಷೆ ಮಾಡುವುದಿಲ್ಲವಂತೆ. ದೀಪದ ಮುಂದೆ ಹಿಡಿದು ಅದರ ಬೆಳಕನ್ನು ಗೋಡೆಗೆ ಬಿಟ್ಟು ನೋಡುತ್ತಾರೆ. ಕಣ್ಣಿಗೆ ಕಾಣದ, ಬೆರಳಿಗೆ ಸಿಗದ ತಗ್ಗುದಿಣ್ಣೆ ಕೂಡ ಗೋಡೆಯ ಮೇಲೆ ಕಲೆಯಾಗಿ ಬೀಳುತ್ತದೆ. ಅತ್ತೆಯ ಹೆಸರನ್ನು ಬೆನ್ನಿಗೆ ಹೊಡೆದಾಗ ಆ ಪೆಟ್ಟು ತಟ್ಟೆಯ ಮುಖಕ್ಕೂ ದಾಟಿತ್ತು. ಉಜ್ಜಿದರೂ ಲೋಹ ಅದನ್ನು ಮರೆತಿರಲಿಲ್ಲ. ಇದನ್ನೇ ದಿನಾ ಮಾಡಿ ಸಂಬಳ ಎಣಿಸುವ ಮಹಾಶಯನಿಗೆ ಇಷ್ಟು ಹೊಳೆಯಲು ಒಂದು ರಾತ್ರಿ ಜ್ವರ ಬರಬೇಕಾಯಿತು.

"ಸರಿ, ಹೋಗಿ ಹೇಳು ಹಾಗಂತ," ಎಂದೆ.

"ಏನಂತ ಹೇಳ್ಲಿ? ನಿಮ್ಮ ಗೃಹಪ್ರವೇಶಕ್ಕೆ ಸಾವಿನ ಮನೆ ತಟ್ಟೆ ಕೊಟ್ಟೆ ಅಂತಲಾ? ದೆವ್ವ ಇದ್ರೆ ಮದುವೆ ಮುಂದಕ್ಕೆ ಹೋಗತ್ತೆ ರಾಯರೇ. ಇದು ಗೊತ್ತಾದ್ರೆ ಮುರಿದೇ ಹೋಗತ್ತೆ. ನನ್ನ ತಂಗಿ ಗತಿ?"

ಅವನ ಹತ್ತಿರ ಉಪಾಯವಿತ್ತು. ಅವನ ಹತ್ತಿರ ಉಪಾಯ ಇದ್ದಾಗಲೇ ನಾನು ಹೆದರಬೇಕಿತ್ತು.

ಭಾನುವಾರ ಮಧ್ಯಾಹ್ನ ನಾವು ಮೂವರೂ ಹೊರಟೆವು. ಸರಸ್ವತಿ ಬರುವುದು ಬೇಡವೆಂದರೂ ಕೇಳಲಿಲ್ಲ. ನಿಶ್ಚಯದ ದಿನ ಸೀತಾಲಕ್ಷ್ಮಮ್ಮನೇ ಫಲತಾಂಬೂಲ ಇಟ್ಟು ಕೊಟ್ಟಿದ್ದ ಸ್ಟೀಲು ತಟ್ಟೆಯಲ್ಲಿ ಬಾಳೆಹಣ್ಣು, ಸೇವಂತಿಗೆ ಜೋಡಿಸಿಕೊಂಡು ಬಂದಳು. ಅನಂತರಾಮು ಕೋಟು ಹಾಕಿದ್ದ. ಫೆಬ್ರವರಿಯ ಬಿಸಿಲಿನಲ್ಲಿ ಕೋಟು! ಅದರ ಒಳಗೆ, ಎದೆಗೆ ಆನಿಸಿ, ಅಂಗಡಿಯಿಂದ ತಂದ ಅದೇ ಅಳತೆಯ ತಟ್ಟೆ. ಗದ್ದಲದಲ್ಲಿ ಅದನ್ನು ಇಟ್ಟು ಇದನ್ನು ಎತ್ತಿಕೊಳ್ಳುವುದು ಅವನ ಉಪಾಯ. ಬಗ್ಗುವ ಹಾಗಿಲ್ಲ, ಕೂರುವ ಹಾಗಿಲ್ಲ. ಬಸ್ಸಿನಲ್ಲಿ ಸೀಟಿದ್ದರೂ ಪಾಳೆಯಗಾರನ ಹಾಗೆ ನಿಂತೇ ಬಂದ.

ಮನೆಯ ತುಂಬ ಬಂಧುಗಳು. ಯಾವ ದಾರ ಎಳೆದರೂ ನಮ್ಮವರೇ ಸಿಗುತ್ತಾರಲ್ಲ, ಹಾಗೆ ಎರಡು ಕಡೆಗೂ ಸಲ್ಲುವ ಚಿಕ್ಕಪ್ಪಂದಿರು, ಷಡ್ಡಕರು, ದೊಡ್ಡಮ್ಮಂದಿರು. ಪಿಳ್ಳಣ್ಣ ಬಾಗಿಲಾಚೆ ನಿಂತಿದ್ದ, ನಾಗರಿಕ ದೆವ್ವ ಹೇಗಿರುತ್ತದೆ ನೋಡೋಣವೆಂದು. ಹೊತ್ತು ಇಳಿಯಿತು. ಹೆಸರು ಬಂತು. ಅಷ್ಟು ಜನರ ಉಸಿರು ಒಟ್ಟಿಗೆ ನಿಂತದ್ದು ನನಗೆ ಕೇಳಿಸಿತು.

"ಎಲ್ಲರೂ ಸಾಷ್ಟಾಂಗ ನಮಸ್ಕಾರ ಮಾಡಿ," ಎಂದರು ಪುರೋಹಿತರು.

ಎಲ್ಲರೂ ಅಡ್ಡಬಿದ್ದರು. ಅನಂತರಾಮು ಒಬ್ಬನೇ ಕಂಬದ ಹಾಗೆ ನಿಂತಿದ್ದ. ಹೆಡ್‌ಮಾಸ್ಟರು ನೆಲದಿಂದಲೇ ತಲೆಯೆತ್ತಿ ಅವನನ್ನು ನೋಡಿದರು. ಬೇರೆ ದಾರಿಯಿಲ್ಲದೆ ಅವನು ಮರ ಬಿದ್ದ ಹಾಗೆ ಬಿದ್ದ. ಠಣ್!

ಸದ್ದು ಎಲ್ಲಿಂದ ಬಂತೆಂದು ಯಾರಿಗೂ ತಿಳಿಯಲಿಲ್ಲ. ನೆಲದೊಳಗಿಂದ ಎಂದರು ಒಬ್ಬರು. ದೊಡ್ಡಮ್ಮನೊಬ್ಬರು ಕಿರುಚಿದರು. ಪುರೋಹಿತರಿಗೆ ಮಂತ್ರ ತಪ್ಪಿತು. ಈ ಗಲಿಬಿಲಿಯಲ್ಲಿ ಅನಂತರಾಮು ಶೆಲ್ಫಿನ ಹತ್ತಿರ ಸರಿದು, ಕೋಟಿನಿಂದ ಹೊಸ ತಟ್ಟೆ ಎಳೆದು, ಹಳೆಯದಕ್ಕೆ ಕೈಹಾಕಿ ಎತ್ತಿಬಿಟ್ಟ.

ಎತ್ತಿದಾಗ ಆದದ್ದನ್ನು ಅವನು ಯೋಚಿಸಿರಲಿಲ್ಲ. ಗೋಡೆಯ ಮೇಲಿದ್ದ ನಾಗಲಕ್ಷ್ಮಮ್ಮ ಎದ್ದಳು. ಸರ್ರನೆ ಸೂರಿಗೆ ಏರಿದಳು, ಅಲ್ಲಿಂದ ಇಳಿದು ಚಿಕ್ಕಪ್ಪನವರ ಬೋಳುತಲೆಯ ಮೇಲೆ ಹಾದು, ಷಡ್ಡಕರ ಬಿಳಿ ಶರಟಿನ ಮೇಲೆ ಒಂದು ಗಳಿಗೆ ಕೂತು, ಸೀತಾಲಕ್ಷ್ಮಮ್ಮನವರ ಮುಖಕ್ಕೆ ಬಂದು ನಿಂತಳು. ಹಣೆಯಿಂದ ಗಲ್ಲದವರೆಗೆ ಬೆಳಕಿನ ಅಕ್ಷರ, ಅದರ ನಡುವೆ ಎರಡು ಕಣ್ಣು. ಆ ಮುಖ ಆಕೆಯದಾಗಿ ಉಳಿದಿರಲಿಲ್ಲ. ಇದೆಲ್ಲ ಒಂದು ತಟ್ಟೆಯ ಆಟ ಎಂದು ಗೊತ್ತಿದ್ದೂ ನನ್ನ ಬಾಯಿ ಒಣಗಿತು.

ಸೀತಾಲಕ್ಷ್ಮಮ್ಮ ಮೈಮೇಲೆ ಬಂದವರ ಹಾಗೆ ತೂಗಾಡತೊಡಗಿದರು.

"ಯಾರಮ್ಮ ನೀನು?" ಎಂದರು ಹೆಡ್‌ಮಾಸ್ಟರು, ನಡುಗುವ ದನಿಯಲ್ಲಿ.

"ನಾಗಲಕ್ಷ್ಮಮ್ಮ," ಎಂದಿತು ಒಂದು ಗಡಸು ದನಿ.

"ನಿನಗೆ ಒಂದು ಮಾರ್ಕು ಬೇಕಾ ತಾಯಿ?"

"ಅಡುಗೆಮನೆ ಕಿಟಕಿ ದೊಡ್ಡದು ಮಾಡ್ಸು! ಹೊಗೆ ಹೋಗಲ್ಲ! ಒಲೆ ಕಟ್ಟೆ ಎತ್ತರ ಆಯ್ತು ಅಂದ್ರೆ ಕೇಳಿದ್ಯಾ?"

ನಾಗಲಕ್ಷ್ಮಮ್ಮ ಬದುಕಿದ್ದಾಗ ಈ ಅಡುಗೆಮನೆ ಕಂಡವರಲ್ಲ. ಆದರೂ ಹೆಡ್‌ಮಾಸ್ಟರು, "ಮಾಡಿಸ್ತೀನಿ, ನಾಳೆಯೇ ಮಾಡಿಸ್ತೀನಿ," ಎಂದು ಕೈಮುಗಿದರು. ಅಷ್ಟರಲ್ಲಿ ಅನಂತರಾಮುವಿನ ಕೈ ಗಡಗಡ ನಡುಗಿತು. ಹೆಸರೂ ಗಡಗಡ ನಡುಗಿ ಗೋಡೆಗೆ ಹಾರಿತು. ಎಲ್ಲರೂ ಗೋಡೆ ನೋಡಿದರು. ಆಮೇಲೆ ನಿಧಾನವಾಗಿ ತಿರುಗಿ, ಎರಡು ಕೈಯಲ್ಲಿ ಎರಡು ತಟ್ಟೆ ಹಿಡಿದು ನಿಂತ ಅನಂತರಾಮುವನ್ನು ನೋಡಿದರು.

"ಅನಂತರಾಮು ಅವರೇ," ಎಂದರು ಹೆಡ್‌ಮಾಸ್ಟರು. "ಆ ತಟ್ಟೆ ಸ್ವಲ್ಪ ಅಲ್ಲಾಡಿಸಿ."

ಅಲ್ಲಾಡಿಸಿದ. ನಾಗಲಕ್ಷ್ಮಮ್ಮ ಅಲ್ಲಾಡಿದರು.

ಅವನು ತಟ್ಟೆಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ. ಹೇಳಿದವಳು ಸರಸ್ವತಿ. "ನಾಗಲಕ್ಷ್ಮಮ್ಮ ನಮ್ಮತ್ತೆ. ಅದು ಅವರ ವೈಕುಂಠ ಸಮಾರಾಧನೇಲಿ ಕೊಟ್ಟ ತಟ್ಟೆ. ಅಣ್ಣ ಹೆಸರು ಉಜ್ಜಿಸಿ ನಿಮಗೆ ಕೊಟ್ಟಿದ್ದಾನೆ. ತಪ್ಪಾಯ್ತು."

ಸೀತಾಲಕ್ಷ್ಮಮ್ಮನವರ ಮೈಮೇಲಿಂದ ದೆವ್ವ ಇಳಿಯಿತು, ಅದಕ್ಕಿಂತ ಜೋರಾದದ್ದು ಏರಿತು. "ಸಾವಿನ ಸಾಮಾನು! ನನ್ನ ಹೊಸ ಮನೆಗೆ! ನಾನು ಇದರಲ್ಲಿ ಮುಖ ನೋಡಿ ಕುಂಕುಮ ಇಟ್ಕೊಂಡ್ನಲ್ಲಪ್ಪ! ಎಂಥ ಜನಾರೀ ನೀವು? ಬೇಡ, ಈ ಸಂಬಂಧ ಬೇಡ. ಎತ್ಕೊಂಡು ಹೊರಡಿ!" ಬಂಧುಗಳೆಲ್ಲ ಛೀ ಥೂ ಎಂದು ಒಂದೇ ಕಂಠದಲ್ಲಿ ದನಿಗೂಡಿಸಿದರು. ಸೀನು, "ಅಮ್ಮ, ಒಂದು ನಿಮಿಷ," ಎಂದ. ಅವನ ಮಾತು ಯಾರಿಗೂ ಬೇಕಿರಲಿಲ್ಲ. ಅನಂತರಾಮು ಗೋಡೆಗೆ ಒರಗಿ ಮಗುವಿನ ಹಾಗೆ ಅಳತೊಡಗಿದ.

ಸರಸ್ವತಿ ಅಳಲಿಲ್ಲ. ತಾನು ತಂದಿದ್ದ ತಟ್ಟೆಯಿಂದ ಬಾಳೆಹಣ್ಣು ಇಳಿಸಿದಳು, ಹೂವು ಇಳಿಸಿದಳು. ಸೆರಗಿನಿಂದ ತಟ್ಟೆ ಒರೆಸಿದಳು. ಅವಳಿಗೆ ಏನು ಗೊತ್ತಿತ್ತೋ, ಬರೀ ಸಿಟ್ಟೋ, ನಾನರಿಯೆ. ಬಿಸಿಲಿಗೆ ಹಿಡಿದಳು.

ಗೋಡೆಯ ಮೇಲೆ ಇನ್ನೊಂದು ಹೆಸರು ಬಂತು. ಲಕ್ಷ್ಮಿದೇವಮ್ಮ.

ಹೆಡ್‌ಮಾಸ್ಟರು ಕುರ್ಚಿಯ ತೋಳು ಹಿಡಿದುಕೊಂಡರು. "ಇದು ನಮ್ಮಮ್ಮ," ಎಂದರು. "ಸೀತಾ, ಇದು ನಮ್ಮಮ್ಮನ ತಿಥಿಯ ತಟ್ಟೆ. ನಿಶ್ಚಯಕ್ಕೆ ಇದನ್ನ ಕೊಟ್ಯಾ?"

ಸೀತಾಲಕ್ಷ್ಮಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಬಂಧುಗಳ ಪೈಕಿ ಒಂದಿಬ್ಬರು ಚಪ್ಪಲಿ ಹುಡುಕತೊಡಗಿದರು. ಹೆಡ್‌ಮಾಸ್ಟರು, "ಯಾರೂ ಏಳಬೇಡಿ!" ಎಂದು ಕ್ಲಾಸಿನ ದನಿ ತೆಗೆದರು. ಎಲ್ಲರೂ ಕೂತರು. "ಸೀನು, ಗೃಹಪ್ರವೇಶದ ಸಾಮಾನೆಲ್ಲ ಇಳಿಸು."

ಇಳಿಸಿದ. ಹರಿವಾಣ, ತಟ್ಟೆ, ಮುಚ್ಚಳ. ಒಂದೊಂದನ್ನೂ ಬಿಸಿಲಿಗೆ ಒರಗಿಸುತ್ತಾ ಹೋದರು. ಲಕ್ಷ್ಮಿದೇವಮ್ಮನವರ ತಟ್ಟೆಯೂ ಸೇರಿ ಎಲ್ಲವೂ, ಯಾರ್ಯಾರದೋ ಕೈಯಲ್ಲಿ ಹೋಗಿ, ಅನಂತರಾಮುವಿನ ಚಕ್ರ ಕಂಡು ಬಂದವೇ. ಅವನ ಮಿರರ್ ಫಿನಿಶ್ ಒಂದೂ ಸೋಲಲಿಲ್ಲ. ಕಮಲಾದೇವಿ ಎಂದಿತು ಗೋಡೆ. ಅಣ್ಣಮ್ಮ ಎಂದಿತು. ಕೆಲವು ಅರ್ಧ ಹೆಸರು, ಕೆಲವು ಮಸುಕು, ಕೆಲವು ಒಂದರ ಮೇಲೊಂದು ಬಿದ್ದು ಓದಲಾಗದವು. ಗೋಡೆ ಸಾಲದೆ ಮೂಲೆಗೆ ತಿರುಗಿದವು. ಒಬ್ಬೊಬ್ಬರಾಗಿ ಬಂಧುಗಳು ತಲೆ ತಗ್ಗಿಸಿದರು. ದೊಡ್ಡಮ್ಮನೊಬ್ಬರು ಯಾವುದೋ ಹೆಸರಿನ ಕಡೆ ಕೈಚಾಚಿ, "ಅಕ್ಕಾ," ಎಂದು ಅತ್ತುಬಿಟ್ಟರು. ಬಾಗಿಲಲ್ಲಿದ್ದ ಪಿಳ್ಳಣ್ಣ ಪೇಟ ತೆಗೆದು ಕಂಕುಳಲ್ಲಿ ಇಟ್ಟುಕೊಂಡ. ಹೊಸ ಮನೆಯಲ್ಲಿ ಬದುಕಿದ್ದವರಿಗಿಂತ ಸತ್ತವರೇ ಹೆಚ್ಚಾಗಿದ್ದರು, ಎಲ್ಲರೂ ಮೆಲ್ಲಗೆ ನಡುಗುತ್ತಾ ನಮ್ಮನ್ನು ನೋಡುತ್ತಿರುವ ಹಾಗಿತ್ತು.

ಕೊನೆಗೆ ಹೆಡ್‌ಮಾಸ್ಟರು ಕನ್ನಡಕ ತೆಗೆದು ಒರೆಸಿಕೊಂಡರು.

"ಪುರೋಹಿತರೇ, ಮದುವೆಗೆ ಮುಂಚೆ ನಾಂದಿ ಅಂತ ಮಾಡ್ತೀವಲ್ಲ, ಯಾಕೆ?"

"ಪಿತೃಗಳನ್ನ ಕರೆಯೋಕೆ. ಅವರು ಬಂದು ಹರಸಲಿ ಅಂತ."

"ಕರೀತೀವಿ. ಬಂದ್ರೋ ಇಲ್ವೋ ಇಷ್ಟು ವರ್ಷದಲ್ಲಿ ನಾನು ಕಂಡಿಲ್ಲ. ಇವತ್ತು ಎರಡು ಕಡೆಯವರೂ ತಾವಾಗಿ ಬಂದು ಕೂತಿದ್ದಾರೆ. ನಾವು ಉಜ್ಜಿ ಹಾಕಿದ್ರೂ ಬಂದಿದ್ದಾರೆ. ಇವರ ಎದುರಿಗೆ ಸಂಬಂಧ ಮುರಿಯೋ ಧೈರ್ಯ ನನಗಿಲ್ಲ. ಪಂಚಾಂಗ ತೆಗೀರಿ."

ಸೀತಾಲಕ್ಷ್ಮಮ್ಮ ಗೋಡೆಯ ಕಡೆ ತಿರುಗಿ, ಲಕ್ಷ್ಮಿದೇವಮ್ಮ ಎಂಬ ಹೆಸರಿನ ಕೆಳಗೆ ಹಣೆ ಹಚ್ಚಿ ನಮಸ್ಕಾರ ಮಾಡಿದರು. ಸೀನು ಮೂಗು ಒರೆಸಿಕೊಂಡು ಸರಸ್ವತಿಯ ಕಡೆ ನೋಡಿದ. ಪುರೋಹಿತರು ಪಂಚಾಂಗ ಬಿಡಿಸಿದರು. ಅನಂತರಾಮು ಕಣ್ಣೊರೆಸಿಕೊಂಡು, ಯಾವ ತಟ್ಟೆಗೆ ಹೊಳಪು ಸ್ವಲ್ಪ ಕಮ್ಮಿಯಾಗಿದೆ ಎಂದು ಆಗಲೇ ನೋಡುತ್ತಿದ್ದ.

ಸೂರ್ಯ ಇಳಿದ ಹಾಗೆ ಹೆಸರುಗಳು ಮೇಲಕ್ಕೇರತೊಡಗಿದವು. ಗೋಡೆ ಬಿಟ್ಟು ಸೂರಿಗೆ ಹೋದವು, ತೆಳ್ಳಗಾದವು, ಒಂದೊಂದಾಗಿ ಆರಿದವು. ಎಲ್ಲರೂ ತಲೆಯೆತ್ತಿ ನೋಡುತ್ತಿದ್ದರು. ಕೊನೆಗೆ ಒಂದೇ ಉಳಿಯಿತು, ಮೂಲೆಯಲ್ಲಿ, ಸರಸ್ವತಿ ಕೂತ ಜಾಗದ ನೇರ ಮೇಲೆ. ನಾಗಲಕ್ಷ್ಮಮ್ಮ. ಅದೊಂದು ಯಾಕೆ ಉಳಿಯಿತು ಎಂದು ನಾನು ತಟ್ಟೆಯ ಕಡೆ ನೋಡಿದೆ. ಅಣ್ಣನ ಕೈಯಿಂದ ಆಗಲೇ ತೆಗೆದುಕೊಂಡಿದ್ದ ಅತ್ತೆಯ ತಟ್ಟೆ ಸರಸ್ವತಿಯ ಮಡಿಲಲ್ಲಿ ಬೋರಲಾಗಿ ಬಿದ್ದಿತ್ತು, ಮೇಲೆ ಅವಳ ಸೆರಗು ಮುಚ್ಚಿತ್ತು. ಕಿಟಕಿಯಲ್ಲಿ ಬಿಸಿಲೂ ಇರಲಿಲ್ಲ.

ನಾನು ನೋಡಿದ್ದನ್ನು ಅವಳೂ ನೋಡಿದಳು. ಹೆದರಲಿಲ್ಲ. ಮೇಲೆ ನೋಡುತ್ತಲೇ, ಸೆರಗಿನ ಮೇಲೆ ಅಂಗೈ ಇಟ್ಟು, ವಯಸ್ಸಾದವರನ್ನು ಬಸ್ಸು ಹತ್ತಿಸುವ ದನಿಯಲ್ಲಿ ಹೇಳಿದಳು:

"ಸಾಕು ಅತ್ತೆ, ಕತ್ತಲಾಯ್ತು. ಇನ್ನು ಹೊರಡಿ. ನಾನು ಇಲ್ಲಿ ಚೆನ್ನಾಗಿರ್ತೀನಿ."

ಹೆಸರು ಆರಿತು. ಹೆಡ್‌ಮಾಸ್ಟರು ಎದ್ದು ಹೋಗಿ ಲೈಟು ಹಾಕಿದರು.